ನುಚ್ಚು ಆರುವ ಮೊದಲು

ಮೋರಟಗಿ,
೧೮ ನವೆಂಬರ್ ೨೦೨೪, ಸೋಮವಾರ

ಮಗಳು ಪ್ರಜ್ಞಾಳಿಗೆ,

ನಿನಗೂ, ಕೂಸು ನಿಷತಳಿಗೂ, ಅಳಿಯಂದಿರಿಗೂ, ನಿಮ್ಮ ಅತ್ತೆಯವರಿಗೂ ಈ ಮುದುಕನ ನೆನಪುಗಳು. ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯುವುದು ಪದ್ಧತಿ, ಅದಕ್ಕೇ ಬರೆದಿದ್ದೇನೆ.

ಈ ಕಾಗದ ದೀಪಾವಳಿಗಿಂತ ಮೊದಲೇ ನಿನ್ನ ಕೈ ಸೇರಬೇಕಿತ್ತು. ತಡವಾಗಿದ್ದಕ್ಕೆ ಬೈದುಕೋ. ಪೆನ್ನು ಹಿಡಿದು ಕೂತರೆ ಗಿರಣಿಗೆ ಯಾರಾದರೂ ಜೋಳ ಹೊತ್ತುಕೊಂಡು ಬರುತ್ತಿದ್ದರು. ಯಾರೂ ಬರದ ದಿನ ನಾನೇ ಎದ್ದು ಹೋಗಿ, ಏನೂ ಆಗಿರದ ಗಿರಣಿಯ ಕಲ್ಲು ಬಿಚ್ಚಿ ನೋಡುತ್ತಿದ್ದೆ. ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಿನ್ನ ಅವ್ವನ ಹೆಸರು ನನ್ನ ಬಾಯಿಗೆ ಬರುವಷ್ಟರಲ್ಲಿ ನೀನು "ಅಪ್ಪಾ, ಅದೊಂದು ಬ್ಯಾಡ" ಎಂದು ಫೋನನ್ನು ಕೂಸಿನ ಬಾಯಿಗೆ ಹಿಡಿಯುತ್ತೀ. ಅದು "ಬ್ಬ ಬ್ಬ" ಎನ್ನುತ್ತದೆ, ನಾನು ಉಬ್ಬಿಹೋಗುತ್ತೇನೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ. ಬೇಕಾದರೆ ಹರಿದು ಹಾಕಬಹುದು, ಅಷ್ಟೇ.

ಹೋದ ವಾರ ಅಳಿಯಂದಿರು ಪ್ರೇಮಕುಮಾರ ಅವರು ಫೋನ್ ಮಾಡಿದ್ದರು. ನಿನಗೆ ಗೊತ್ತಾಗದ ಹಾಗೆ ಸಾಲೆಯ ಅಂಗಳದಿಂದ ಮಾಡಿದ್ದರು. ಅವರ ಮೇಲೆ ಸಿಟ್ಟಾಗಬೇಡ. ತಾಳ್ಮೆಯ ಮನುಷ್ಯ, ಸುಮ್ಮನೆ ಫೋನ್ ಮಾಡುವವರಲ್ಲ. "ಮಾವಾರ, ನಿಷತಗ ಏಳು ತಿಂಗಳಾದ್ವು. ಇನ್ನೂ ಆಕಿ ತನ್ನ ಕೈಲೆ ಒಂದ ಚಮಚ ಸೈತ ತಿನಸವಲ್ಲಳ್ರಿ. ಚಮಚಾ ಕೂಸಿನ ತುಟಿ ಮಟಾ ಒಯ್ತಾಳ. ಕೈ ನಡಗಾಕ ಹತ್ತತೈತಿ. ಬಟ್ಟಲಾ ನಮ್ಮವ್ವನ ಕೈಯಾಗ ಕೊಟ್ಟು ಒಳಗ ಹೋಗಿ ಬಾಗಲಾ ಹಾಕ್ಕೋತಾಳ" ಎಂದರು. ಅಂಗನವಾಡಿಯಲ್ಲಿ ತೂಕ ಹಾಕಿದಾಗ ಚಾರ್ಟಿನಲ್ಲಿ ಕೂಸಿನ ಗೆರೆ ಹಸಿರು ಬಿಟ್ಟು ಹಳದಿಗೆ ಇಳಿದಿದೆಯಂತೆ. ನಿಮ್ಮ ಅತ್ತೆ ಮುಂದಿನ ತಿಂಗಳು ದೊಡ್ಡ ಸೊಸೆಯ ಆಪರೇಷನ್ನಿಗೆಂದು ಬಸವನ ಬಾಗೇವಾಡಿಗೆ ಹೋಗಲೇಬೇಕಂತೆ. "ಅವ್ವ ಹೋದ ಮ್ಯಾಲ, ನಾ ಸಾಲಿಗಿ ಹೋದ ಮ್ಯಾಲ, ಕೂಸಿಗಿ ಯಾರ ತಿನಸ್ತಾರ್ರಿ?" ಎಂದು ಕೇಳಿದರು. ನಾನು ಹೌದ್ರಿ, ಹೌದ್ರಿ ಎಂದೆ.

ಪ್ರಜ್ಞಾ, ನಿನ್ನ ಕೈ ಯಾಕೆ ನಡುಗುತ್ತದೆ ಎಂಬುದನ್ನು ನಾವ್ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈಗ ಹೇಳುತ್ತೇನೆ. ನಿನ್ನ ಅವ್ವ ಶೆಟ್ಟೆವ್ವನಿಗೆ ಕೊನೆಯ ನುಚ್ಚು ತಿನಿಸಿದ್ದು ನೀನು. ತಿಂದದ್ದು ಹೊಟ್ಟೆಗೆ ಇಳಿಯದೆ ಉಸಿರಿನ ದಾರಿ ಹಿಡಿಯಿತು. ಮಧ್ಯಾಹ್ನ ಜ್ವರ ಬಂತು, ಐದನೆಯ ದಿನ ಹೋದಳು. ಮಣ್ಣು ಮಾಡಿ ಬಂದ ಸಂಜೆ ನೀನು ಬಚ್ಚಲ ಕಟ್ಟೆಯ ಮೇಲೆ ಕೂತು, ಎಂಟು ತಿಂಗಳ ಹೊಟ್ಟೆ ಹಿಡಿದುಕೊಂಡು, "ಆರಗೊಡಬೇಕಿತ್ತಪಾ. ನಾ ಗಡಿಬಿಡಿ ಮಾಡಿದೆ" ಎಂದೆ. ಅಂದಿನಿಂದ ಅದೇ ಮಾತು ನಿನ್ನೊಳಗೆ ಬೀಸುತ್ತಲೇ ಇದೆ. ನಿನ್ನ ಸೋದರತ್ತೆ ಇರಮ ಬೇರೆ, ಬಂದ ಮಂದಿಯ ಮುಂದೆ, "ಬಸರಿ ಹೆಂಗಸು, ಆಕಿಗ್ಯಾಕ ಬೇಕಾಗಿತ್ತು ಉಣಿಸೂ ಉಸಾಬರಿ" ಎಂದಳು. ನನ್ನ ಅಕ್ಕನಾದರೂ ಹೇಳುತ್ತೇನೆ, ಅವಳ ನಾಲಗೆಗೆ ಕಡಿವಾಣವಿಲ್ಲ. ಆದರೆ ಅಂದು ಅವಳ ಬಾಯಿ ಮುಚ್ಚಿಸಬೇಕಾಗಿದ್ದ ನಾನು ಸುಮ್ಮನೆ ಕೂತಿದ್ದೆ.

ಪ್ರೇಮಕುಮಾರ ಅವರು ಕೇಳಿದ್ದು ಒಂದೇ. "ಅತ್ತಿಯಾರಿಗಿ ನೀವು ಮನಿಯಾಗ ಮಾಡತಿದ್ರಲ್ಲ, ಆ ನುಚ್ಚು ಹೆಂಗಂತ ಬರದ ಕಳಸ್ರಿ. ಆಕೀನ ಮಾಡ್ಲಿ. ತನ್ನ ಕೈಲೆ ಮಾಡಿದ್ರ ತನ್ನ ಕೈಲೆ ತಿನಸಾಕ ಧೈರ್ಯ ಬರಬಹುದು." ಮಾಸ್ತರರ ತಲೆ ಅದು, ಹೀಗೇ ಓಡುತ್ತದೆ. ನನಗೆ ಅಷ್ಟು ನಂಬಿಕೆಯಿಲ್ಲ. ಆದರೂ ಬರೆಯುತ್ತೇನೆ. ಈ ಕಾಗದದ ಜೊತೆ ಬಂದಿರುವ ಚೀಲದಲ್ಲಿ ನುಚ್ಚಿದೆ. ನಮ್ಮೂರ ಇಸಾಕ ತೊಗರಿ ತುಂಬಿಕೊಂಡು ಟೆಂಪೋದಲ್ಲಿ ಮುದ್ದೇಬಿಹಾಳಕ್ಕೆ ಬರುತ್ತಾನೆ, ಮನೆಯ ಬಾಗಿಲಿಗೇ ತಂದು ಕೊಡುತ್ತೇನೆ ಎಂದಿದ್ದಾನೆ. ಅವನಿಗೆ ಚಹಾ ಕೊಡದೆ ಕಳಿಸಬೇಡ, ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಹೊರ್ತಿಯ ಕಡೆಯಿಂದ ತಂದ ಮಾಲದಂಡಿ ಜೋಳ. ಕಾಳು ಮುತ್ತಿನ ಹಾಗಿತ್ತು. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಗಿರಣಿಯ ಕಲ್ಲು ಸಡಿಲು ಬಿಟ್ಟು ಒಡೆದಿದ್ದೇನೆ. ಕಲ್ಲು ಬಿಗಿಯಾದರೆ ಹಿಟ್ಟು ಬೀಳುತ್ತದೆ, ಸಡಿಲ ಹೆಚ್ಚಾದರೆ ಇಡೀ ಕಾಳು ಹಲ್ಲುಕಿರಿಯುತ್ತ ಹೊರಗೆ ಬರುತ್ತದೆ. ಇದು ಒಂದು ಕಾಳು ನಾಲ್ಕು ಚೂರಾಗುವ ಹದ. ಮೊರದಲ್ಲಿ ಹಾರಿಸಿ ಹೊಟ್ಟು ಮಾತ್ರ ತೆಗೆದಿದ್ದೇನೆ, ಸತ್ವವೆಲ್ಲ ಅದರಲ್ಲೇ ಇದೆ. ಜರಡಿ ಹಿಡಿದಾಗ ಕೆಳಗೆ ಬಿದ್ದ ಹಿಟ್ಟನ್ನು ಬೇರೆ ಗಂಟು ಕಟ್ಟಿದ್ದೇನೆ. ಚೆಲ್ಲಬೇಡ, ಗುಟ್ಟೆಲ್ಲ ಅದರಲ್ಲಿದೆ.

ಮೂವತ್ತೊಂದು ವರ್ಷ ಈ ಊರಿನವರೆಲ್ಲರ ಜೋಳ ಬೀಸಿದವನು ನಾನು. ಅದು ಒಲೆಯ ಮೇಲೆ ಏನಾಗುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ನಿನ್ನ ಅವ್ವನಿಗೆ ಲಕ್ವಾ ಹೊಡೆದು, ಬಲಗೈ ಬಿದ್ದು, ಮಾತು ನಿಂತು, ನುಂಗುವ ಶಕ್ತಿ ಅರ್ಧ ಹೋದಾಗ ನನಗೆ ಅರವತ್ತೆರಡು. ಮೊದಲ ದಿನ ನಾನು ಮಾಡಿದ ನುಚ್ಚನ್ನು ಪಕ್ಕದ ಮನೆಯ ಇಮಾಮಬಿ ಬಂದು ಸೌಟಿನಲ್ಲಿ ಎತ್ತಿ ನೋಡಿ, "ಭೀಮಶ್ಯಾಣ್ಣಾ, ಇದನ್ನ ಗ್ವಾಡಿಗಿ ಮೆತ್ತತೀರೇನು?" ಎಂದಳು. ಹಾಸಿಗೆಯಲ್ಲಿ ಮಲಗಿದ್ದ ಅವ್ವ ಬಾಯಿಯ ಒಂದೇ ಬದಿಯಿಂದ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಮರುದಿನದಿಂದ ಇಮಾಮಬಿ ನನ್ನ ಪಕ್ಕ ನಿಂತು ಕಲಿಸಿದಳು. ಅವ್ವ ಮಲಗಿದಲ್ಲಿಂದಲೇ ಎಡಗೈ ಆಡಿಸಿ ತಪ್ಪು ತೋರಿಸುತ್ತಿದ್ದಳು. ಇಬ್ಬರು ಹೆಂಗಸರ ನಡುವೆ ನಾನು ಪಾಸಾದೆ.

ನುಚ್ಚನ್ನು ಹಿಂದಿನ ಸಂಜೆ ನೆನೆಹಾಕು. ಬೆಳಿಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಒಂದು ಬಟ್ಟಲು ನುಚ್ಚಿಗೆ ಐದು ಬಟ್ಟಲು ನೀರು ಕಾಯಿಸು. ಗಂಟಿನಲ್ಲಿರುವ ಹಿಟ್ಟನ್ನು ಎರಡು ಚಮಚ ತಣ್ಣೀರಿನಲ್ಲಿ ಕದಡಿ ಮೊದಲು ಅದನ್ನು ಹಾಕು. ನೀರು ಹಾಲಿನ ಹಾಗೆ ಬೆಳ್ಳಗಾಗಿ ಕುದಿ ಬಂದ ಮೇಲೆ ನುಚ್ಚು ಬಿಡು. ಹಾಲು ಹಾಕದೆಯೇ ಕೆನೆ ಬಂದ ಹಾಗೆ ನುಣ್ಣಗಾಗುವುದು ಈ ಹಿಟ್ಟಿನಿಂದ. ಉರಿ ಸಣ್ಣದಿರಲಿ. ಮುಕ್ಕಾಲು ತಾಸು ಸೌಟು ನಿಲ್ಲಿಸಬೇಡ, ತಳ ಹಿಡಿದರೆ ಇಡೀ ಪಾತ್ರೆ ಸೀದ ವಾಸನೆ. ಗಟ್ಟಿಯಾಗುತ್ತಿದ್ದಂತೆ ಅದು ಕೈಮೇಲೆ ಹಾರುತ್ತದೆ. ನನ್ನ ಎಡ ಮಣಿಕಟ್ಟಿನ ಮೇಲೆ ಇನ್ನೂ ಕಲೆಗಳಿವೆ. ಚೂರುಗಳೆಲ್ಲ ಹೂವಾಗಿ ಅರಳಿ, ಬೆರಳಲ್ಲಿ ಒತ್ತಿದರೆ ನಡುವೆ ಗಟ್ಟಿ ಸಿಗದಿದ್ದರೆ ಬೆಂದ ಹಾಗೆ. ಕೂಸಿಗಾದರೆ ಸೌಟಿನ ಬೆನ್ನಿನಿಂದ ಜರಡಿಗೆ ಒತ್ತಿ ಇಳಿಸು, ಮೇಲೆ ಒಂದು ಹನಿ ತುಪ್ಪ. ಒಂದು ವರ್ಷ ತುಂಬುವ ತನಕ ಉಪ್ಪು ಬೇಡವಂತೆ, ನಮ್ಮೂರ ಅಂಗನವಾಡಿಯ ದಾನೇಶ್ವರಿಯನ್ನು ಕೇಳಿಯೇ ಬರೆದಿದ್ದೇನೆ.

ಇನ್ನು ಹದ. ವಿಜಯಪುರದ ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸುವ ಒಬ್ಬ ಹುಡುಗಿ ಡಾಕ್ಟರು ಇದ್ದಳು. ನೀನು ಆಗ ನಿನ್ನ ಗಂಡನ ಮನೆಯಲ್ಲಿದ್ದೆ, ಅವಳನ್ನು ನೋಡಿಲ್ಲ. ಅವಳು ನನಗೆ ಚಮಚ ಹಿಡಿದು ತೋರಿಸಿದಳು. ಚಮಚ ಓರೆ ಮಾಡಿದರೆ ನುಚ್ಚು ಒಂದೇ ಮುದ್ದೆಯಾಗಿ ಮೆಲ್ಲಗೆ ಜಾರಿ ಬೀಳಬೇಕು, ಹರಿಯಬಾರದು. ಹರಿಯುವ ಯಾವುದನ್ನೂ ಕೊಡಬೇಡಿ, ನೀರನ್ನೂ ಬರೀ ನೀರಾಗಿ ಕೊಡಬೇಡಿ, ಗಂಟಲು ಮುಚ್ಚುವಷ್ಟರಲ್ಲಿ ಅದು ಪುಪ್ಪುಸಕ್ಕೆ ಇಳಿದುಬಿಡುತ್ತದೆ ಎಂದಳು. ಕೂಸಿಗೆ ಇಷ್ಟು ಬಿಗಿ ಬೇಕಿಲ್ಲ, ಅದರ ಗಂಟಲು ಗಟ್ಟಿಮುಟ್ಟಾಗಿದೆ. ಒಲೆಯಿಂದ ಇಳಿಸಿದಾಗ ತೆಳ್ಳಗಿದೆ ಎಂದು ಹೆದರಬೇಡ. ನುಚ್ಚು ಆರುತ್ತ ಆರುತ್ತ ಬಿಗಿಯುತ್ತದೆ.

೨೧ ನವೆಂಬರ್, ಗುರುವಾರ

ಮೇಲಿನ ಸಾಲು ಬರೆದು ಎದ್ದವನು ಮೂರು ದಿನ ಕಾಗದ ಮುಟ್ಟಲಿಲ್ಲ. ನೀನು ಆ ಸಾಲಿನ ಹತ್ತಿರ ಬಂದು ನಿಲ್ಲುತ್ತೀ ಎಂದು ನನಗೆ ಗೊತ್ತು. ಆದರೂ ಹೊಡೆದು ಹಾಕಲಿಲ್ಲ, ಅಡುಗೆಯ ಮಟ್ಟಿಗೆ ಅದು ನಿಜ.

ಊರಿನ ಸುದ್ದಿ ಒಂದೆರಡು. ಚಂದ್ರಾಮನ ಮನೆಯಲ್ಲಿ ಎಮ್ಮೆ ಈದಿದೆ, ಗಿಣ್ಣ ಕಳಿಸಿದ್ದ. ಒಬ್ಬನೇ ತಿನ್ನಲಾಗದೆ ಇಮಾಮಬಿಗೆ ಕೊಟ್ಟೆ. ತ್ರೀ ಫೇಸ್ ಕರೆಂಟು ಈಗ ಬೆಳಿಗ್ಗೆ ಎರಡೇ ತಾಸು. ಅದು ಬಂದಾಗ ಓಡಬೇಕು, ಹೋದಾಗ ಕೂರಬೇಕು. ಕೂತಾಗ ನಿನ್ನ ಅವ್ವನ ಮಂಚ ಕಾಣುತ್ತದೆ. ಮಂಚವನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಎಲ್ಲರೂ ಹೇಳುತ್ತಾರೆ, ನಾನು ಕಿವಿ ಕೇಳದವನ ಹಾಗೆ ಇರುತ್ತೇನೆ. ಗಿರಣಿಯವನಿಗೆ ಈ ಒಂದು ಅನುಕೂಲ, ಕೇಳಿಸಲಿಲ್ಲ ಎಂದರೆ ಜನ ನಂಬುತ್ತಾರೆ.

ಮಜ್ಜಿಗೆಯ ಮಾತು ಹೇಳಬೇಕು. ನಮ್ಮಲ್ಲಿ ಮಜ್ಜಿಗೆಯಿಲ್ಲದ ನುಚ್ಚು ಯಾರಿಗೆ ಬೇಕು? ಗಂಗಾಳದಲ್ಲಿ ನುಚ್ಚಿನ ನಡುವೆ ಗುಳಿ ಮಾಡಿ, ಮಜ್ಜಿಗೆ ಸುರಿದು, ಕಲಸಿ ಸುರ್ರೆಂದು ಕುಡಿದರೇ ಉಂಡ ಹಾಗೆ. ನಿನ್ನ ಅವ್ವ ಹುಟ್ಟಿದಾಗಿನಿಂದ ಹಾಗೇ ಉಂಡವಳು. ಏಳು ತಿಂಗಳು ನಾನು ಅವಳಿಗೆ ಬರೀ ಗಟ್ಟಿ ನುಚ್ಚು ಕೊಟ್ಟೆ. ದಿನಾ ಬೆಳಿಗ್ಗೆ ಮೂರನೆಯ ಚಮಚಕ್ಕೆ ಬಾಯಿ ಮುಚ್ಚಿ, ಎಡಗೈಯನ್ನು ಗಾಳಿಯಲ್ಲಿ ಕಡೆಗೋಲು ತಿರುಗಿಸಿದ ಹಾಗೆ ತಿರುಗಿಸುತ್ತಿದ್ದಳು. ಮಜ್ಜಿಗೆ ಕೇಳುವ ಸನ್ನೆ ಅದು. ನಾನು ತಲೆ ಆಡಿಸುತ್ತಿದ್ದೆ. ಅವಳು ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. ನಾನು ಬೈದದ್ದೂ ಇದೆ. "ಸಾಯಬೇಕಂತ ಮಾಡೀಯೇನು?" ಎಂದು ಒಂದು ದಿನ ಜೋರಾಗಿ ಅಂದೆ. ಕಣ್ಣಲ್ಲಿ ನೀರು ತಂದುಕೊಂಡು, ಹೌದು ಎನ್ನುವ ಹಾಗೆ ನೋಡಿದಳು. ಆ ನೋಟ ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಆಮೇಲೆ ನೀನು ಏಳನೆಯ ತಿಂಗಳ ಕುಬಸ ಮುಗಿಸಿಕೊಂಡು ಇಲ್ಲಿಗೆ ಬಂದೆ. ಬಾಣಂತನ ಮಾಡಬೇಕಾದ ಅವ್ವನ ಆರೈಕೆ ಬಸುರಿ ಮಗಳ ಪಾಲಿಗೆ ಬಂತು. ನೀನು ಅವಳ ತಲೆ ಬಾಚಿದೆ, ಮೈ ಒರೆಸಿದೆ, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಮಗಳ ಹೊಟ್ಟೆಯ ಮೇಲೆ ಎಡಗೈ ಇಟ್ಟುಕೊಂಡು ಅವಳು ತಾಸುಗಟ್ಟಲೆ ಮಲಗಿರುತ್ತಿದ್ದಳು. ಕೂಸು ಒದ್ದರೆ ನನ್ನ ಕಡೆ ನೋಡುತ್ತಿದ್ದಳು. ಆ ಒಂದು ತಿಂಗಳು ಅವಳು ಸುಖವಾಗಿದ್ದಳು ಪ್ರಜ್ಞಾ. ನನ್ನ ಮಾತು ನಂಬು, ಉಳಿದದ್ದು ಏನೇ ಇರಲಿ ಇದನ್ನಾದರೂ ನಂಬು.

ನಿನ್ನ ತಪ್ಪಿಲ್ಲ ಎಂದು ಎಷ್ಟು ಜನ ಹೇಳಿದರು. ಡಾಕ್ಟರು ಹೇಳಿದರು, ಅಳಿಯಂದಿರು ಹೇಳಿದರು, ಇಮಾಮಬಿ ನಿನ್ನನ್ನು ಎದೆಗೆ ಒತ್ತಿಕೊಂಡು, "ಮುಂದಿನ ಚಮಚಾ ನಂದಾಗಿದ್ರ ನನ್ನ ಕೈಯಾಗ ಹೋಗತಿದ್ಲ ತಂಗಿ, ಯಾರ ಕೈಯಾಗಾದ್ರೂ ಹೋಗಾಕೀನ" ಎಂದಳು. ನಾನೂ ಹೇಳಿದೆ. ನೀನು ಯಾರನ್ನೂ ನಂಬಲಿಲ್ಲ, ಯಾಕೆಂದರೆ ಅವರೆಲ್ಲ ಸಮಾಧಾನ ಹೇಳುತ್ತಿದ್ದರು, ನೀನು ಲೆಕ್ಕ ಕೇಳುತ್ತಿದ್ದೆ. ನುಚ್ಚು ತೆಳ್ಳಗಿತ್ತು, ಆರಿದ್ದರೆ ಬಿಗಿಯುತ್ತಿತ್ತು, ನಾನು ಕಾಯಲಿಲ್ಲ ಎನ್ನುತ್ತಿದ್ದೆ.

ಕೂಸನ್ನು ತೊಡೆಯ ಮೇಲೆ ನೇರವಾಗಿ ಕೂರಿಸಿಕೋ. ಚಮಚದ ತುದಿಯಲ್ಲಿ ಕಡಲೆಯಷ್ಟೇ ತೆಗೆದುಕೋ. ಅದು ಬಾಯಿ ತೆರೆಯುವ ತನಕ ಕಾಯು. ಉಗುಳಿದರೆ ಉಗುಳಲಿ. ಕೈ ನಡುಗಿದರೆ ನಡುಗಲಿ, ನಡುಗುವ ಕೈಯಿಂದಲೂ ಕೂಸು ಉಣ್ಣುತ್ತದೆ. ಪ್ರೇಮಕುಮಾರ ಅವರನ್ನು ಪಕ್ಕದಲ್ಲಿ ಕೂರಿಸಿಕೋ, ಸಾಲೆಗೆ ಒಂದು ದಿನ ತಡವಾದರೆ ಏನೂ ಮುಳುಗಿ ಹೋಗುವುದಿಲ್ಲ.

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಮೊಮ್ಮಗಳ ಬಾಯಿಗೆ ಇಷ್ಟು ದಿನ ಅನ್ನ ಹಾಕಿದ ಕೈ ಅದು, ದೊಡ್ಡದು. ನಿಷತಳ ಗೆರೆ ಮತ್ತೆ ಹಸಿರಿಗೆ ಏರಲಿ. ನಿನ್ನ ಕೈ ಗಟ್ಟಿಯಾಗಲಿ. ಬುದ್ಧನ ಕರುಣೆ ನಿಮ್ಮ ಹೊಸ್ತಿಲ ಮೇಲಿರಲಿ.

ಇಂತಿ ನಿನ್ನ ಅಪ್ಪ,
ಭೀಮಶ್ಯಾ

ತಾ.ಕ.: ಇಸಾಕ ಟೆಂಪೋ ನಿಲ್ಲಿಸಿಕೊಂಡು ಬಾಗಿಲಲ್ಲಿ ಕೂತಿದ್ದಾನೆ. ಚೀಲ ಹೊಲಿದಾಗಿದೆ. ಕಾಗದವನ್ನು ಲಕೋಟೆಗೆ ಹಾಕಿದವನು ಮತ್ತೆ ಹೊರಗೆ ತೆಗೆದಿದ್ದೇನೆ. ಅಡುಗೆ ಬರೆದು ಕಳಿಸಿ ಪಾರಾಗಬಹುದು ಎಂದುಕೊಂಡಿದ್ದೆ, ಆಗುವುದಿಲ್ಲ.

ಆ ನುಚ್ಚು ನೀನು ಎಷ್ಟು ಹೊತ್ತು ಕಾಯ್ದಿದ್ದರೂ ಬಿಗಿಯುತ್ತಿರಲಿಲ್ಲ. ಅದರಲ್ಲಿ ಒಂದು ಸೌಟು ಮಜ್ಜಿಗೆ ಇತ್ತು. ಹಾಕಿದವನು ನಾನು.

ಹಿಂದಿನ ದಿನ ಅವ್ವನಿಗೆ ಒಂದೇ ಒಂದು ಚಮಚ ಮಜ್ಜಿಗೆ ಕೊಟ್ಟು ನೋಡಿದ್ದೆ. ನಿಧಾನವಾಗಿ ನುಂಗಿದಳು, ಕೆಮ್ಮಲಿಲ್ಲ, ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಹುಡುಗಿ ಡಾಕ್ಟರಿಗೆ ಏನು ಗೊತ್ತು ನಮ್ಮ ಮಂದಿಯ ಹೊಟ್ಟೆ ಎಂದುಕೊಂಡೆ. ಮರುದಿನ ಇಮಾಮಬಿ ನನಗೆಂದು ಕೊಟ್ಟ ಮಜ್ಜಿಗೆಯನ್ನು ಅವಳ ಬಟ್ಟಲಿಗೆ ಸುರಿದು ಚೆನ್ನಾಗಿ ಕಲಸಿದೆ. ಬೆಳ್ಳಗಿನದರಲ್ಲಿ ಬೆಳ್ಳಗಿನದು, ಗೊತ್ತಾಗಲಿಲ್ಲ. ನನ್ನ ಕೈಯಿಂದ ತಿನಿಸಲು ಮಾತ್ರ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು. ಬಟ್ಟಲನ್ನು ನಿನ್ನ ಕೈಗೆ ಕೊಟ್ಟೆ. ನೀನು ಚಮಚ ಓರೆ ಮಾಡಿ ನೋಡಿ, "ಅಪ್ಪಾ, ಇವತ್ತ ತೆಳ್ಳಗ ಆಗೇತಲ್ಲ?" ಎಂದೆ. ನಾನು "ಬಿಸಿ ಐತಿ, ಆರಿದ ಮ್ಯಾಲ ಗಟ್ಟಿ ಆಗತೈತಿ" ಎಂದು ಹೇಳಿ ಗಿರಣಿಗೆ ಹೋದೆ. ನಿನ್ನ ತಲೆಗೆ ಆ ಮಾತು ತುಂಬಿದವನು ನಾನೇ. ಒಂಬತ್ತು ತಿಂಗಳು ಅದನ್ನು ನೀನು ನಿನ್ನ ತಪ್ಪೆಂದು ಹೊತ್ತೆ, ನಾನು ಹೊರಲು ಬಿಟ್ಟೆ.

ಇದನ್ನು ಪ್ರೇಮಕುಮಾರ ಅವರಿಗೂ ನಿಮ್ಮ ಅತ್ತೆಯವರಿಗೂ ಓದಿ ಹೇಳು. ಇರಮಳಿಗೆ ನಾನೇ ಹೋಗಿ ಹೇಳುತ್ತೇನೆ. ನನಗೆ ಫೋನ್ ಮಾಡಬೇಕಿಲ್ಲ. ಮಾಡದಿದ್ದರೆ ಯಾಕೆಂದು ಕೇಳುವುದಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು "ತಿನಿಸಿದವರು ಯಾರು?" ಎಂದು ಕೇಳಿದಾಗ ನೀನು "ನಾನು" ಎಂದೆ. ಆಮೇಲೆ ಅವರು "ಏನು ತಿನಿಸಿದಿರಿ?" ಎಂದು ಕೇಳಿದರು. ನೀನು "ನುಚ್ಚು" ಎಂದೆ. ಬರೀ ನುಚ್ಚೇ ತಾನೇ ಎಂದು ಅವರು ನನ್ನ ಕಡೆ ತಿರುಗಿ ಕೇಳಿದರು. ನಾನು ಹೌದ್ರಿ ಎಂದೆ.